ವಿಂಡೋಸ್ 11 ಹೋಮ್ ಸಾಕಾ, ಪ್ರೋಗೆ ಹೋಗ್ಬೇಕಾ?

ಮೊದ್ಲೇ ಹೇಳ್ಬಿಡ್ತೀನಿ, ಪ್ರೋ ಹಾಕಿದ್ರೆ ಕಂಪ್ಯೂಟರ್ ಫಾಸ್ಟ್ ಆಗಲ್ಲ, ಗೇಮ್ ಆಗ್ಲಿ ಬ್ರೌಸರ್ ಆಗ್ಲಿ ಎರಡ್ರಲ್ಲೂ ಒಂದೇ ಥರ ಓಡುತ್ತೆ, ಸ್ಲೋ ಇದೆ ಅಂತ ಅಪ್‌ಗ್ರೇಡ್ ಮಾಡೋ ಯೋಚ್ನೆ ಇದ್ರೆ ಆ ದುಡ್ಡಲ್ಲಿ ಎಸ್‌ಎಸ್‌ಡಿ ಹಾಕ್ಸೋದೇ ವಾಸಿ.

ನಿಜವಾದ ವ್ಯತ್ಯಾಸ ಇರೋದು ರಿಮೋಟ್ ಡೆಸ್ಕ್‌ಟಾಪಲ್ಲಿ. ಹೋಮ್ ಇರೋ ಮಷೀನಿಂದ ಬೇರೆ ಕಂಪ್ಯೂಟರಿಗೆ ಕನೆಕ್ಟ್ ಆಗ್ಬೋದು, ಆದ್ರೆ ಬೇರೆ ಕಡೆಯಿಂದ ನಿಮ್ಮ ಮಷೀನೊಳಗೇ ಬರ್ಬೇಕು ಅಂದ್ರೆ ಅದ್ರಲ್ಲಿ ಪ್ರೋ ಇರ್ಲೇಬೇಕು. ಎನ್‌ಕ್ರಿಪ್ಷನ್ (ಡೇಟಾನ ಬೇರೆಯವ್ರು ಓದೋಕಾಗದ ಹಾಗೆ ಲಾಕ್ ಮಾಡೋದು) ವಿಷ್ಯಕ್ಕೆ ಬಂದ್ರೆ, ಸಪೋರ್ಟ್ ಇರೋ ಮಷೀನಲ್ಲಿ ಹೋಮಿಗೂ ಡಿವೈಸ್ ಎನ್‌ಕ್ರಿಪ್ಷನ್ ಸಿಗುತ್ತೆ, ಪೆನ್‌ಡ್ರೈವ್‌ಗೂ ಲಾಕ್ ಹಾಕ್ಬೇಕಾದ್ರೆ ಪ್ರೋನಲ್ಲಿರೋ ಬಿಟ್‌ಲಾಕರ್ ಬೇಕು. ಹೈಪರ್-ವಿ (ಕಂಪ್ಯೂಟರೊಳಗೇ ಇನ್ನೊಂದು ವರ್ಚುವಲ್ ಕಂಪ್ಯೂಟರ್ ಓಡ್ಸೋದು), ಗ್ರೂಪ್ ಪಾಲಿಸಿ (ವಿಂಡೋಸ್ ಸೆಟ್ಟಿಂಗ್‌ಗಳನ್ನ ಒಂದೇ ಕಡೆಯಿಂದ ಕಂಟ್ರೋಲ್ ಮಾಡೋದು), ಸ್ಯಾಂಡ್‌ಬಾಕ್ಸ್ ಕೂಡ ಪ್ರೋನಲ್ಲೇ. ನಂಗೆ ಸ್ಯಾಂಡ್‌ಬಾಕ್ಸ್ ಅಂದ್ರೆ ತುಂಬಾ ಇಷ್ಟ, ಡೌಟ್ ಇರೋ ಸೆಟಪ್ ಫೈಲ್ ಅದ್ರೊಳಗೆ ಓಪನ್ ಮಾಡಿ ನೋಡಿ ವಿಂಡೋ ಕ್ಲೋಸ್ ಮಾಡಿದ್ರೆ ಎಲ್ಲಾ ಅಳಿಸಿ ಹೋಗುತ್ತೆ, ಕಂಪ್ಯೂಟರಿಗೆ ಏನೂ ಅಂಟಲ್ಲ.

ರ‍್ಯಾಮ್ ಲಿಮಿಟ್ ಹೋಮಿಗೆ 128 ಜಿಬಿ, ಪ್ರೋಗೆ 2 ಟಿಬಿ, ಮನೆ ಬಳಕೆಗೆ ಅದು ಲೆಕ್ಕಕ್ಕೇ ಬರಲ್ಲ. ಡಬ್ಲ್ಯೂಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡ್ಸೋದು) ಬೇಕು ಅಂತ ಪ್ರೋ ತಗೊಳ್ಬೇಡಿ, ಅದು ಹೋಮಲ್ಲೂ ಓಡುತ್ತೆ.

ಇವುಗಳಲ್ಲಿ ಯಾವ್ದೂ ಬಳ್ಸಲ್ಲ ಅಂದ್ರೆ ಹೋಮಲ್ಲೇ ಇರಿ. ಆಮೇಲೆ ಬೇಕು ಅನ್ಸಿದ್ರೆ ಪ್ರೋ ಕೀ ಹಾಕಿ ರೀಸ್ಟಾರ್ಟ್ ಮಾಡಿದ್ರಾಯ್ತು, ಫೈಲ್ಸ್ ಹಾಗೇ ಇರುತ್ತೆ, ವಾಪಸ್ ಹೋಮಿಗೆ ಬರೋಕೆ ಮಾತ್ರ ಎಲ್ಲಾ ಅಳಿಸಿ ವಿಂಡೋಸ್ ಹೊಸ್ದಾಗಿ ಹಾಕ್ಬೇಕು, ಅಂದ್ರೆ ಕ್ಲೀನ್ ಇನ್‌ಸ್ಟಾಲ್ ಮಾಡ್ಬೇಕು.