ಗೂಬೆ ನಾಣ್ಯ ಕೊಳ್ಳುವ ಮುಂಚೆ ಅಂಚು ನೋಡಿ

ಹಳೇ ಗ್ರೀಕ್ ನಾಣ್ಯ ಕೂಡಿಡುವ ಆಸೆ ಇರುವವರು ದಯವಿಟ್ಟು ಇದನ್ನು ಓದಿ. ನಾನು 350 ಯೂರೋ ಕಳೆದುಕೊಂಡಿದ್ದೇನೆ.

ನಾನಿರುವುದು ಜರ್ಮನಿಯಲ್ಲಿ. ನಮ್ಮೂರಿನ ಹಳೇ ಸಾಮಾನಿನ ಸಂತೆಯಲ್ಲಿ ಒಬ್ಬ ಅಥೆನ್ಸಿನ ಬೆಳ್ಳಿ ನಾಣ್ಯ ತೋರಿಸಿದ. ಒಂದು ಕಡೆ ಅಥೀನಾ ದೇವಿಯ ಮುಖ, ಇನ್ನೊಂದು ಕಡೆ ಗೂಬೆ, ಪಕ್ಕದಲ್ಲಿ ಆಲಿವ್ ಚಿಗುರು. ‘ಕ್ರಿ.ಪೂ. 440, ಪೆರಿಕ್ಲಿಸ್ ಕಾಲದ್ದು’ ಎಂದ. ಪೆರಿಕ್ಲಿಸ್ ಅಂದರೆ ಆಗಿನ ಅಥೆನ್ಸಿನ ನಾಯಕ. ವರ್ಷಗಟ್ಟಲೆ ಚಿತ್ರದಲ್ಲಿ ನೋಡಿದ್ದು ಅಂಗೈ ಮೇಲೆ ಕೂತಿತ್ತು. ಚೌಕಾಸಿ ಕೂಡ ಮಾಡದೆ ದುಡ್ಡು ಕೊಟ್ಟೆ.

ಮನೆಗೆ ಬಂದು ತೂಗಿದರೆ 15.3 ಗ್ರಾಂ. ಅಸಲಿ ಟೆಟ್ರಡ್ರಾಕ್ಮ್, ಅಂದರೆ ಈ ನಾಲ್ಕು ಡ್ರಾಕ್ಮಾದ ಗೂಬೆ ನಾಣ್ಯ, 17.2 ಗ್ರಾಂ ಆಸುಪಾಸು ಇರಬೇಕು. ಸವೆದಿದೆ ಅನ್ನೋಣ ಅಂದರೆ ಸವೆತವೇ ಕಾಣಲಿಲ್ಲ.

ಆಮೇಲೆ ಕಣ್ಣು ನೋಡಿದೆ. ಈ ನಾಣ್ಯಗಳ ಮೇಲೆ ಇಸವಿ ಇರುವುದಿಲ್ಲ ಅಲ್ವಾ, ಕೆತ್ತನೆಯ ರೀತಿ ನೋಡಿ, ಯಾವ ನಾಣ್ಯಗಳ ಜೊತೆ ನೆಲದಲ್ಲಿ ಸಿಕ್ಕಿತು ಅಂತ ನೋಡಿ ಕಾಲ ಹೇಳಬೇಕು. ಪೆರಿಕ್ಲಿಸ್ ಕಾಲದ ಅಥೀನಾಳ ಮುಖ ಪಕ್ಕಕ್ಕೆ ತಿರುಗಿದ್ದರೂ ಕಣ್ಣು ಮಾತ್ರ ಎದುರಿನಿಂದ ಕಂಡ ಹಾಗೆ ಬಾದಾಮಿ ಆಕಾರದಲ್ಲಿರುತ್ತದೆ. ಕಣ್ಣನ್ನೂ ಪಕ್ಕದಿಂದ ಕಂಡ ಹಾಗೆ ಕೆತ್ತಿದ್ದು ಕ್ರಿ.ಪೂ. 4ನೇ ಶತಮಾನದಲ್ಲಿ. ನನ್ನ ನಾಣ್ಯದಲ್ಲಿದ್ದದ್ದು ಆ ಕಣ್ಣು. ಅವನು ಹೇಳಿದ ಕಾಲಕ್ಕೂ ಅದಕ್ಕೂ ತಾಳೆಯೇ ಇಲ್ಲ.

ಭೂತಗನ್ನಡಿ ಹಿಡಿದಾಗ ಎದೆ ಧಸಕ್ಕೆಂದಿತು. ಅಂಚಿನ ಸುತ್ತ ಕೂದಲೆಳೆಯಂಥ ಗೆರೆ, ಎರಕದ ಅಚ್ಚಿನ ಎರಡು ಭಾಗ ಸೇರುವಲ್ಲಿ ಉಳಿಯುವಂಥದ್ದು, ಅದನ್ನು ಅರದಿಂದ ಉಜ್ಜಿದ ಗುರುತು. ಗೂಬೆಯ ರೆಕ್ಕೆ ಸಂದಿಯಲ್ಲಿ ರಾಗಿ ಕಾಳಿಗಿಂತ ಸಣ್ಣ ತೂತುಗಳು, ಎರಕ ಹೊಯ್ಯುವಾಗ ಗಾಳಿ ಸಿಕ್ಕಿಕೊಂಡದ್ದು. ಅಸಲಿಯನ್ನು ಎರಡು ಅಚ್ಚುಗಳ ನಡುವೆ ಬೆಳ್ಳಿ ಬಿಲ್ಲೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಆ ಏಟಿಗೆ ಅಂಚು ಬಿರುಕು ಬಿಡಬಹುದು, ಇಂಥ ಗೆರೆ ಬರಲ್ಲ.

ಕ್ರಿ.ಪೂ. 375ರ ಸುಮಾರಿಗೆ ಅಥೆನ್ಸಿನ ಪೇಟೆಯಲ್ಲಿ ನಾಣ್ಯ ಪರೀಕ್ಷಿಸಲೆಂದೇ ಒಬ್ಬನನ್ನು ಕೂರಿಸುವ ಕಾನೂನಿತ್ತು. ನಕಲಿ ಸಿಕ್ಕರೆ ಅಲ್ಲೇ ಸೀಳುತ್ತಿದ್ದ. ನಮಗೆ ಅಂಥವನಿಲ್ಲ. ಅದಕ್ಕೇ ತಕ್ಕಡಿ, ಭೂತಗನ್ನಡಿ ಜೇಬಿನಲ್ಲಿರಲಿ. ಆನ್‌ಲೈನಿನಲ್ಲಾದರೆ ಅಂಚಿನ ಫೋಟೋ ಕೇಳಿ. ಎಲ್ಲಿಂದ ಬಂತು ಅನ್ನುವ ಕಾಗದವನ್ನೂ ಕೇಳಿ. ಗ್ರೀಸಿನ ಮಣ್ಣಿನಲ್ಲಿ ಸಿಕ್ಕ ನಾಣ್ಯವನ್ನು ಅನುಮತಿ ಇಲ್ಲದೆ ಹೊರಗೆ ತರುವುದು ಅಪರಾಧ.

ಮುಂದಿನ ಶನಿವಾರ ವಾಪಸ್ ಕೊಡಲು ಹೋದೆ. ಅವನ ಮೇಜಿನ ಮೇಲೆ ಇನ್ನೊಂದು ಗೂಬೆ ಇತ್ತು. ಒಂದೇ ಅಚ್ಚಿನಿಂದ ಹಲವು ನಾಣ್ಯ ಬರುವುದು ಸಹಜ. ಆದರೆ ಬಿರುಕು ಒಂದೊಂದರಲ್ಲಿ ಒಂದೊಂದು ಥರ. ನನ್ನದರಲ್ಲಿ ಗೂಬೆಯ ಕಾಲಡಿ ಇದ್ದ ಓರೆ ಬಿರುಕು ಅದರಲ್ಲೂ ಅಲ್ಲೇ, ಅಷ್ಟೇ ಉದ್ದ. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. ಅವನು ‘ಬಿಲ್ ಎಲ್ಲಿ?’ ಎಂದ. ನಾನು ಬಿಲ್ ಕೇಳಿಯೇ ಇರಲಿಲ್ಲ.