ಗೇರ್‌ಬಾಕ್ಸ್ ಎಣ್ಣೆ ಸೋರಿಕೆಗೆ ವಾರಂಟಿ ಇಲ್ಲ ಎಂದರು: ಬೆಳಗಾವಿಯಲ್ಲಿ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರ ವಿಮರ್ಶೆ

ಯುರೋಪಿನ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು, ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್. ಹೊಸದಾಗಿಯೇ ಕೊಂಡೆ. ಕಂಪನಿಯ ಜೊತೆ ಒಂದು ಲೆಕ್ಕ ಇನ್ನೂ ಬಾಕಿ ಇರುವುದರಿಂದ ಹೆಸರು ಹಾಕುತ್ತಿಲ್ಲ.

ಕಾರು ಚೆನ್ನಾಗಿದೆ. ಬೆಳಗಾವಿಯಿಂದ ಧಾರವಾಡದ ಕಡೆಗೆ ಹೆದ್ದಾರಿಯಲ್ಲಿ ಬೆಳಗಿನ ಹೊತ್ತು ಓಡಿಸುವ ಖುಷಿಯೇ ಬೇರೆ. ಸ್ಟೀರಿಂಗ್, ಬ್ರೇಕು ಎರಡರಲ್ಲೂ ಇಷ್ಟು ವರ್ಷಗಳಲ್ಲಿ ಒಂದು ದೂರೂ ಇಲ್ಲ. ಊರೊಳಗಿನ ಹಂಪುಗಳಿಗೆ ಮುಂಭಾಗ ಎತ್ತುವ ಲಿಫ್ಟ್ ಬೇಕೇ ಬೇಕು. ಕೊಳ್ಳುವವರು ಆ ಆಯ್ಕೆ ಬಿಡಬೇಡಿ. ಮಳೆಗಾಲದಲ್ಲಿ ಗೋವಾ ದಾರಿಯ ಚೋರ್ಲಾ ಘಾಟಿಗೆ ನಾನು ಇದನ್ನು ಒಯ್ಯುವುದಿಲ್ಲ. 95 ಆಕ್ಟೇನ್ ಪೆಟ್ರೋಲ್ ಊರಲ್ಲೇ ಸಿಗುತ್ತದೆ. ಸರ್ವೀಸ್ ಮಾತ್ರ ಬೆಂಗಳೂರಿನಲ್ಲಿ, ಅಂದರೆ ಸುಮಾರು 500 ಕಿ.ಮೀ. ದೂರದಲ್ಲಿ.

ಈಗ ಗೇರ್‌ಬಾಕ್ಸ್ ವಿಷಯ. ವಾರಂಟಿ ಇನ್ನೂ ಇರುವಾಗಲೇ ಪಾರ್ಕಿಂಗ್ ನೆಲದ ಮೇಲೆ ಎಣ್ಣೆ ಹನಿ ಕಾಣಿಸಿತು. ಓಡಿಸದೆ ಫ್ಲಾಟ್‌ಬೆಡ್ ಲಾರಿಯಲ್ಲಿ ಬೆಂಗಳೂರಿಗೆ ಕಳಿಸಿದೆ. ಅಲ್ಲಿಂದ ಬಂದ ಮೇಲ್‌ನಲ್ಲಿ ಇದ್ದದ್ದು ಇಷ್ಟೇ: ಗೇರ್‌ಬಾಕ್ಸ್ ಹೌಸಿಂಗ್ (ಹೊರಕವಚ) ಸೋರುತ್ತಿದೆ, ಹೊರಗಿನ ಪೆಟ್ಟಿನಿಂದ ಹಾನಿ, ವಾರಂಟಿ ಅನ್ವಯಿಸುವುದಿಲ್ಲ. ಗೇರ್‌ಬಾಕ್ಸ್ ಬದಲಿಸುವ ಎಸ್ಟಿಮೇಟ್ 10 ಲಕ್ಷ ದಾಟಿತ್ತು. ಪುರಾವೆ ಅಂತ ಒಂದು ಫೋಟೊ ಇತ್ತು. ಕಾರಿನ ಮುಂಭಾಗದ ಕೆಳಗಿರುವ ಪ್ಲಾಸ್ಟಿಕ್ ತಟ್ಟೆಯ ಮೇಲೆ ತರಚಿದ ಗುರುತು.

ಆ ತಟ್ಟೆ ಎಲ್ಲಿ, ಗೇರ್‌ಬಾಕ್ಸ್ ಎಲ್ಲಿ! ನಡುವೆ ಅರ್ಧ ಕಾರಿನ ಉದ್ದವಿದೆ. ನಮ್ಮ ರಸ್ತೆಗಳಲ್ಲಿ ಓಡುವ ಯಾವ ತಗ್ಗಿನ ಕಾರಿನ ತಟ್ಟೆಗೂ ಗೀರು ಬೀಳುತ್ತದೆ. ಆ ಗೀರನ್ನು ತೋರಿಸಿ ಕಾರಿನ ಕೆಳಗಿನ ಯಾವ ಭಾಗ ಕೆಟ್ಟರೂ ಪೆಟ್ಟು ಅನ್ನಬಹುದು ಅಲ್ವಾ? ಫೋನ್ ಮಾಡಿದರೆ ಸರ್ವೀಸ್ ಅಡ್ವೈಸರ್ ಮರ್ಯಾದೆಯಿಂದಲೇ, 'ಸರ್, ಕಂಪನಿನೇ ರಿಜೆಕ್ಟ್ ಮಾಡಿದೆ, ನಮ್ಮ ಕೈಯಲ್ಲಿ ಏನೂ ಇಲ್ಲ' ಎಂದರು. ಹೆಚ್ಚಿನವರು ಇಲ್ಲಿಗೇ ಸೋತು ರೊಕ್ಕ ಕಟ್ಟುತ್ತಾರೆ. ಇದನ್ನು ಬರೆಯುತ್ತಿರುವುದೇ ಅವರಿಗಾಗಿ.

ನನ್ನ ಕಸುಬು ಎರಕದ್ದು. ಉದ್ಯಮಬಾಗದಲ್ಲಿ ಸಣ್ಣ ಫೌಂಡ್ರಿ ಇದೆ. ಗೇರ್‌ಬಾಕ್ಸ್ ಹೌಸಿಂಗ್ ಅಂದರೆ ಅಲ್ಯೂಮಿನಿಯಂ ಎರಕ. ಕರಗಿದ ಲೋಹವನ್ನು ಒತ್ತಡದಲ್ಲಿ ಅಚ್ಚಿಗೆ ನುಗ್ಗಿಸುವಾಗ ಗಾಳಿ ಸಿಕ್ಕಿಕೊಂಡರೆ ಒಳಗೆ ಸಣ್ಣ ಸಣ್ಣ ತೂತು ಉಳಿಯುತ್ತವೆ. ಇದಕ್ಕೆ ಪೋರೋಸಿಟಿ ಅನ್ನುತ್ತೇವೆ. ಹೊರಗಿನ ಪದರ ಗಟ್ಟಿ ಇರುವವರೆಗೆ ಏನೂ ಕಾಣುವುದಿಲ್ಲ. ಮಶಿನಿಂಗ್‌ನಲ್ಲಿ (ಯಂತ್ರದಲ್ಲಿ ಕೆತ್ತುವಾಗ) ಆ ಪದರ ತೆಗೆದ ಕಡೆ ತೂತುಗಳು ಒಂದಕ್ಕೊಂದು ಸೇರಿದ್ದರೆ, ಬಿಸಿ ಎಣ್ಣೆ ನಿಧಾನವಾಗಿ ಹಾದಿ ಹುಡುಕಿಕೊಳ್ಳುತ್ತದೆ. ಇಂಥ ಎರಕವನ್ನು ವ್ಯಾಕ್ಯೂಮ್‌ನಲ್ಲಿಟ್ಟು ರಾಳ ತುಂಬಿಸಿ ತೂತು ಮುಚ್ಚುವ ಇಂಪ್ರಿಗ್ನೇಶನ್ ಪದ್ಧತಿಯೂ ಇದೆ. ಅಂದರೆ ಕಾರ್ಖಾನೆಯವರಿಗೆಲ್ಲ ಗೊತ್ತಿರುವ ದೋಷ ಇದು.

ಯಾವ ತಪಾಸಣೆಯಿಂದ ಪೆಟ್ಟು ಎಂದು ತೀರ್ಮಾನಿಸಿದಿರಿ, ವಾರಂಟಿಯ ಯಾವ ಷರತ್ತಿನ ಪ್ರಕಾರ ತಳ್ಳಿಹಾಕಿದಿರಿ ಎಂದು ಡೀಲರಿಗೂ ಕಂಪನಿಯ ಭಾರತದ ಕಚೇರಿಗೂ ಬರೆದು ಕೇಳಿದೆ. ಜೊತೆಗೆ, ಗೇರ್‌ಬಾಕ್ಸಿನ ಒಂದು ಬೋಲ್ಟ್ ಕೂಡ ಬಿಚ್ಚದೆ ನನ್ನ ಕಾರನ್ನು ನಾನೇ ಪರೀಕ್ಷೆ ಮಾಡಿಸುತ್ತೇನೆ ಎಂದೂ ಬರೆದೆ. ಉತ್ತರ ತಡವಾಯಿತು, ಆದರೆ ಒಪ್ಪಿದರು.

ನಮ್ಮಲ್ಲಿ ಕ್ವಾಲಿಟಿ ನೋಡುವ ಕಾಕಾ ಅವರನ್ನೂ ಒಬ್ಬ ಚಾರ್ಟರ್ಡ್ ಇಂಜಿನಿಯರನ್ನೂ ಕರೆದುಕೊಂಡು ಹೋದೆ. ಕಾರನ್ನು ಲಿಫ್ಟ್ ಮೇಲೆ ಏರಿಸಿದರು. ಕಾಕಾ ಎಣ್ಣೆಯನ್ನು ಪೂರ್ತಿ ಒರೆಸಿ, ಕ್ಲೀನರ್ ಹೊಡೆದು ಒಣಗಿಸಿದರು. ಆಮೇಲೆ ಬಿರುಕು, ತೂತುಗಳೊಳಗೆ ಇಳಿಯುವ ಕೆಂಪು ಬಣ್ಣ ಸ್ಪ್ರೇ ಮಾಡಿ ಕಾದರು. ಬಟ್ಟೆಯಿಂದ ಒರೆಸಿ, ಒಳಗುಳಿದ ಬಣ್ಣವನ್ನು ಹೀರಿ ತೋರಿಸುವ ಬಿಳಿ ಡೆವಲಪರ್ ಹೊಡೆದರು. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಎದ್ದು ಕಾಣಬೇಕು. ಗೆರೆ ಬರಲಿಲ್ಲ. ಮಶಿನಿಂಗ್ ಮಾಡಿದ ಅಂಚಿನ ಪಕ್ಕ, ಒಂದು ಬೋಲ್ಟಿನ ಬುಡದಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕಿಗಳು ಗುಂಪಾಗಿ ಮೂಡಿದವು. ಹೌಸಿಂಗ್ ಮೇಲೆ ತಗ್ಗು ಬಿದ್ದಿರಲಿಲ್ಲ. ಅದರ ಕೆಳಗಿನ ತಟ್ಟೆಯ ಮೇಲೆ ಗೀರೂ ಇರಲಿಲ್ಲ.

'ಸಾವ್ಕಾರ್ರ, ಪೆಟ್ಟ ಬಿದ್ರ ಗೆರಿ ಬರ್ತೈತ್ರೀ. ಇವು ಚುಕ್ಕಿ ಅದಾವು. ಇದು ಎರಕದ್ದ ದೋಷ' ಎಂದರು ಕಾಕಾ. ವರ್ಕ್‌ಶಾಪಿನ ಮೇನೇಜರ್ ಅಲ್ಲೇ ನಿಂತು ನೋಡುತ್ತಿದ್ದರು, ಎದುರು ಮಾತಾಡಲಿಲ್ಲ.

ಇಂಜಿನಿಯರ್ ವರದಿ, ಅಳತೆಪಟ್ಟಿ ಪಕ್ಕದಲ್ಲಿಟ್ಟು ತೆಗೆದ ಫೋಟೊಗಳು, ಸರ್ವೀಸ್ ದಾಖಲೆ, ಎಲ್ಲ ಸೇರಿಸಿ ವಕೀಲರ ನೋಟಿಸ್ ಕಳಿಸಿದೆ. ಇಲ್ಲಿ ಕಾನೂನು ತಿಳಿದಿರುವುದು ಬಹಳ ಉಪಯೋಗಕ್ಕೆ ಬಂತು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ನಾವು ಇರುವ ಊರು ಯಾವ ಗ್ರಾಹಕ ಆಯೋಗದ ವ್ಯಾಪ್ತಿಗೆ ಬರುತ್ತದೋ ಅಲ್ಲೇ ದೂರು ಕೊಡಬಹುದು. ಕಂಪನಿಯ ಕಚೇರಿ ಇರುವ ಊರಿಗೆ ಅಲೆಯಬೇಕಿಲ್ಲ. ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, ಅದಕ್ಕಿಂತ ಜಾಸ್ತಿ ಆದರೆ 2 ಕೋಟಿವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲೆ ರಾಷ್ಟ್ರೀಯ ಆಯೋಗ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದ ಗಡುವು. ದೋಷ ಕಣ್ಣಿಗೆ ಕಾಣದಂಥದ್ದಾದರೆ ಆಯೋಗವೇ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಈ ಕೊನೆಯ ಮಾತನ್ನು ನೋಟಿಸಿನಲ್ಲಿ ಎದ್ದು ಕಾಣುವಂತೆ ಹಾಕಿಸಿದೆ. ಹೌಸಿಂಗ್ ಕತ್ತರಿಸಿ ನೋಡಿದರೆ ಒಳಗೆ ಏನಿರುತ್ತದೆ ಎಂಬುದು ಅವರಿಗೂ ಗೊತ್ತು.

ಕಾರು ನಿಮ್ಮ ಫರ್ಮ್ ಹೆಸರಿನಲ್ಲಿದೆ, ನೀವು ಗ್ರಾಹಕರೇ ಅಲ್ಲ ಎಂಬ ತಕರಾರೂ ಅವರಿಂದ ಬಂತು. ಕಂಪನಿ ಹೆಸರಲ್ಲಿ ಕೊಂಡಿದ್ದರೂ ನಿರ್ದೇಶಕರ ಸ್ವಂತ ಬಳಕೆಗೆ ಇದ್ದ ಕಾರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರಲ್ಲಿ ಕೊಂಡವರ ಪರವಾಗಿ ಹೇಳಿದೆ. ವಕೀಲರು ಅದನ್ನು ಬರೆದು ಕಳಿಸಿದ ಮೇಲೆ ಆ ಮಾತು ಮತ್ತೆ ಎತ್ತಲಿಲ್ಲ.

ಆಯೋಗದ ಮೆಟ್ಟಿಲು ಹತ್ತುವ ಮೊದಲೇ ಕಂಪನಿ ಒಪ್ಪಿತು. ಹೊಸ ಗೇರ್‌ಬಾಕ್ಸ್, ಕೂಲಿ ಸಹಿತ, ವಾರಂಟಿಯಲ್ಲಿ. ಒಪ್ಪಿಗೆ ಪತ್ರದಲ್ಲಿ 'ಸೌಜನ್ಯಕ್ಕಾಗಿ' ಎಂದು ಬರೆದಿದ್ದರು. ಸಹಿ ಮಾಡದೆ ವಾಪಸ್ ಕಳಿಸಿದೆ. ಸೌಜನ್ಯಕ್ಕೆ ಹಾಕಿದ ಗೇರ್‌ಬಾಕ್ಸ್ ಅಂದರೆ ಹಳೆಯ ಫೈಲಿನಲ್ಲಿ 'ಹೊರಗಿನ ಪೆಟ್ಟು' ಎಂಬುದು ಹಾಗೇ ಉಳಿಯುತ್ತದೆ. ನಾಳೆ ಕಾರು ಮಾರುವಾಗಲೂ ಅದು ಕಾಡುತ್ತದೆ, ಬೇರೇನಾದರೂ ಕೆಟ್ಟಾಗಲೂ ಕಾಡುತ್ತದೆ. ಕೊನೆಗೆ ವಾರಂಟಿ ರಿಪೇರಿ ಎಂದೇ ತಿದ್ದಿ ಕೊಟ್ಟರು. ನೀವು ಇಂಥ ಪತ್ರ ಪಡೆದರೆ ಆ ಸಾಲನ್ನು ಎರಡು ಸಲ ಓದಿ.

ಹೊಸ ಗೇರ್‌ಬಾಕ್ಸ್ ಈವರೆಗೆ ಒಂದು ಹನಿ ಸೋರಿಲ್ಲ. ಕಾರಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಮಾರಾಟದ ನಂತರದ ಸೇವೆಗೆ ಎರಡು. ಆ ಎರಡೂ ಕಾರನ್ನು ಲಿಫ್ಟ್ ಮೇಲೆ ಏರಿಸಿ ಪರೀಕ್ಷೆಗೆ ಬಿಟ್ಟುಕೊಟ್ಟ ವರ್ಕ್‌ಶಾಪ್ ಹುಡುಗರಿಗೆ. ಲಾರಿ ಬಾಡಿಗೆ ಮತ್ತು ಇಂಜಿನಿಯರ್ ಶುಲ್ಕ ಇನ್ನೂ ಬಂದಿಲ್ಲ. ಅದಕ್ಕೂ ನೋಟಿಸ್ ಹೋಗಿದೆ.