ವಿವಿಧ ಭಾರತಿಯ ಸಂಜೆ: 35 ವರ್ಷ ಕೇಳಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ರೇಡಿಯೊ ಹಚ್ಚುವುದು ಹಾಡಿಗಲ್ಲ. ಹಾಡು ಈಗ ಎಲ್ಲಿ ಬೇಕಾದರೂ ಸಿಗುತ್ತದೆ. ನಾನು 35 ವರ್ಷದಿಂದ ಆಕಾಶವಾಣಿಯ ಹಿಂದಿ ಮನರಂಜನೆಯ ವಾಹಿನಿ ವಿವಿಧ ಭಾರತಿಯ ಸಂಜೆಗೆ ಅಂಟಿಕೊಂಡಿರುವುದು ರಾತ್ರಿ 8 ಗಂಟೆಯ ಹದಿನೈದು ನಿಮಿಷಕ್ಕೆ, ಹವಾ ಮಹಲ್ ಅನ್ನುವ ನಾಟಕದ ಕಾರ್ಯಕ್ರಮಕ್ಕೆ. ಅದರ ಹಿಂದೆ ಮುಂದೆ ಬರುವ ಹಾಡು, ಹರಟೆ, ಎಲ್ಲವೂ ಇಷ್ಟವೇ. ಆದರೆ ನಡುವೆ ಆ ಪುಟ್ಟ ನಾಟಕ ಇಲ್ಲದಿದ್ದರೆ ನಾನು ಯಾವತ್ತೋ ಬಿಟ್ಟುಬಿಡುತ್ತಿದ್ದೆ. ಹೊಸದಾಗಿ ಕೇಳೋಣ ಅಂದುಕೊಂಡವರಿಗೆ ಉಪಯೋಗ ಆಗಲಿ ಅಂತ ಇಷ್ಟು ವರ್ಷದ ಅನುಭವ ಬರೆಯುತ್ತಿದ್ದೇನೆ.

ನಮ್ಮದು ಶಿವಮೊಗ್ಗ ಕಡೆಯ ಹಳ್ಳಿ. ಮನೆಯಲ್ಲಿ ಒಂದು ಟ್ರಾನ್ಸಿಸ್ಟರ್, ಅದಕ್ಕೆ ಚರ್ಮದ ಕವಚ, ಕವಚದ ಮೇಲೆ ಸಣ್ಣ ಸಣ್ಣ ತೂತು. ಹಗಲೆಲ್ಲ ಭದ್ರಾವತಿ ಸ್ಟೇಷನ್. ಸಂಜೆ ಆದ ಮೇಲೆ ಅಪ್ಪ ಬ್ಯಾಂಡ್ ಬದಲಾಯಿಸಿ ಶಾರ್ಟ್‌ವೇವ್‌ನಲ್ಲಿ ವಿವಿಧ ಭಾರತಿ ಹುಡುಕುತ್ತಿದ್ದರು. ಶಾರ್ಟ್‌ವೇವ್ ಕೇಳಿದವರಿಗೆ ಗೊತ್ತು, ದನಿ ಒಂದೇ ಸಮ ಇರುವುದಿಲ್ಲ, ಕೆರೆ ಅಲೆಯ ಹಾಗೆ ಹತ್ತಿರ ಬರುತ್ತದೆ, ದೂರ ಹೋಗುತ್ತದೆ, ಒಮ್ಮೊಮ್ಮೆ ಸರಿಯಾಗಿ ಕಥೆ ಬಿಚ್ಚಿಕೊಳ್ಳುವ ಹೊತ್ತಿಗೇ ಮುಳುಗಿ ಹೋಗುತ್ತದೆ. ಹಾಗೆ ಮುಳುಗಿದ ಮಾತು ಏನಿರಬಹುದು ಅಂತ ನಾವೇ ತುಂಬಿಕೊಳ್ಳುತ್ತಿದ್ದೆವು.

ಅಮ್ಮನಿಗೆ ಹಿಂದಿ ಒಂದಕ್ಷರ ಬರುತ್ತಿರಲಿಲ್ಲ. ಆದರೂ ಎಂಟು ಗಂಟೆಗೆ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ರೇಡಿಯೊ ಪಕ್ಕ ಕೂರುತ್ತಿದ್ದರು. ಕರೆಂಟ್ ಹೋದ ಒಂದು ರಾತ್ರಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಲಾಟೀನು, ಅವರೆ ಸಿಪ್ಪೆಯ ವಾಸನೆ. ನಾಟಕದಲ್ಲಿ ಒಬ್ಬ ಗಂಡಸು ತುಂಬಾ ವರ್ಷದ ಮೇಲೆ ಮನೆಗೆ ಬರುತ್ತಾನೆ. ಚಿಲಕದ ಸದ್ದು, ಬಾಗಿಲು ಕಿರ್ರೆಂದು ತೆರೆದ ಸದ್ದು, ಆಮೇಲೆ ಯಾರೂ ಮಾತಾಡಲಿಲ್ಲ. ಅಮ್ಮನ ಕೈ ನಿಂತುಹೋಯಿತು. ಬಿಡಿಸಿದ ಕಾಳು ಬೆರಳಲ್ಲೇ ಇತ್ತು. ಆಮೇಲೆ ಒಂದು ಹೆಂಗಸಿನ ದನಿ, ಒಂದೇ ಒಂದು ಪದ, ಅವನ ಹೆಸರು. "ತಾಯಿ ಅಲ್ಲ, ಹೆಂಡ್ತಿ" ಅಂದರು ಅಮ್ಮ. ನಾನು ಶಾಲೆಯಲ್ಲಿ ಕಲಿತ ಅರೆಬರೆ ಹಿಂದಿಯಲ್ಲಿ ಇನ್ನೂ ಅರ್ಥ ಮಾಡಿಕೊಳ್ಳುತ್ತಿದ್ದೆ, ಅವರು ಭಾಷೆ ಇಲ್ಲದೆಯೇ ಕಂಡುಹಿಡಿದಿದ್ದರು. ಸರಿಯಾಗಿಯೇ ಹೇಳಿದ್ದರು.

ರೇಡಿಯೊ ನಾಟಕದ ಗುಟ್ಟು ಇಲ್ಲೇ ಇದೆ ಅಂತ ನನಗೆ ಆಮೇಲೆ ತಿಳಿಯಿತು. ರಂಗದ ಮೇಲಾದರೆ ಪಾತ್ರ ನಡೆದು ಬರುತ್ತದೆ. ಇಲ್ಲಿ ಮೈಕಿನಿಂದ ಎಷ್ಟು ದೂರ ನಿಂತಿದ್ದಾರೆ ಅನ್ನುವುದರಲ್ಲೇ ಎಲ್ಲ ಇದೆ. ದೂರದಿಂದ ಮಾತಾಡುತ್ತಾ ಮೈಕಿನ ಹತ್ತಿರ ಬಂದರೆ ಕೋಣೆಯೊಳಗೆ ಬಂದ ಹಾಗೆ. ಮುಖ ಆಚೆ ತಿರುಗಿಸಿ ಹೇಳಿದರೆ ಕಿಟಕಿಯ ಕಡೆ ನೋಡುತ್ತಿರುವ ಹಾಗೆ. ತೀರಾ ಹತ್ತಿರ ಬಂದು ಪಿಸುಗುಟ್ಟಿದರೆ ಅದು ಮನಸ್ಸಿನೊಳಗಿನ ಮಾತು. ಸದ್ದು ಹುಟ್ಟಿಸುವುದೂ ಒಂದು ಕಸುಬೇ. ತೆಂಗಿನ ಚಿಪ್ಪು ಕುದುರೆ ಆಗುತ್ತದೆ, ತಗಡಿನ ಹಾಳೆ ಗುಡುಗು ಆಗುತ್ತದೆ, ಗರಿಗರಿ ಕಾಗದ ಹಿಚುಕಿದರೆ ಬೆಂಕಿ. ಒಳ್ಳೆಯ ನಿರ್ದೇಶಕರು ಇವನ್ನೂ ಜಾಸ್ತಿ ಬಳಸುವುದಿಲ್ಲ. ಒಂದು ಲೋಟ ಮೇಜಿನ ಮೇಲೆ ಇಟ್ಟ ಸದ್ದು ಸಾಕು, ಅಡುಗೆಮನೆ ಎದ್ದು ನಿಲ್ಲುತ್ತದೆ. ಹದಿನೈದು ನಿಮಿಷದಲ್ಲಿ ಕಥೆ ಮುಗಿಯಬೇಕಾದ್ದರಿಂದ ಪಾತ್ರಗಳು ಹೆಚ್ಚೆಂದರೆ ನಾಲ್ಕೈದು. ಅದಕ್ಕಿಂತ ಹೆಚ್ಚಾದರೆ ಯಾರ ದನಿ ಯಾರದು ಅಂತ ಕಿವಿಗೆ ಗೊಂದಲ ಆಗುತ್ತದೆ.

ಹಾಸ್ಯದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ರೇಡಿಯೊ ಪ್ರಹಸನಗಳಲ್ಲಿ ನನಗೆ ಜಾಸ್ತಿ ಹಿಡಿಸುವುದು ಹಿನ್ನೆಲೆಯಲ್ಲಿ ನಗುವ ಜನ ಇಲ್ಲದಿರುವುದು. ಟಿವಿಯಲ್ಲಿ ಯಾರೋ ನಕ್ಕು ನಮ್ಮನ್ನೂ ನಗಿಸಲು ನೋಡುತ್ತಾರೆ, ಇಲ್ಲಿ ಮಾತಿಗೆ ಮಾತು ಸರಿಯಾದ ಹೊತ್ತಿಗೆ ಬಿದ್ದರೆ ಮಾತ್ರ ನಗು. ಬಾಡಿಗೆ ಮನೆ ಹುಡುಕುವವನು, ಕಚೇರಿಯ ಗುಮಾಸ್ತ, ಬಂದು ಕೂತ ನೆಂಟ ಹೋಗದೇ ಇರುವುದು, ಇಂಥ ವಸ್ತು ಎಷ್ಟು ಸಲ ಕೇಳಿದರೂ ನನಗೆ ಬೇಸರ ಇಲ್ಲ. ಆದರೆ ಹೆಂಡತಿ ಅಂದರೆ ಗಯ್ಯಾಳಿ, ಗಂಡ ಅಂದರೆ ಪಾಪದವನು ಅನ್ನುವ ಆ ಕಾಲದ ತಮಾಷೆ ನನಗೆ ಈಗ ನಗು ತರಿಸುವುದಿಲ್ಲ. ಅಂಥದ್ದು ಬಂದ ದಿನ ದನಿಗಳಿಗಾಗಿ ಕೇಳುತ್ತೇನೆ. ಒಬ್ಬ ನಟ ಒಂದು "ಅಚ್ಛಾ"ವನ್ನು ಎಷ್ಟು ಬಗೆಯಲ್ಲಿ ಹೇಳಬಹುದು ಅಂತ ಕೇಳುವುದೂ ಒಂದು ಸುಖವೇ.

ಇನ್ನು ಹಾಡು. ಏಳು ಗಂಟೆಯ ಸುಮಾರಿಗೆ ಸೈನಿಕರಿಗಾಗಿ ಜಯಮಾಲಾ. ಶನಿವಾರ ಸಿನಿಮಾ ಮಂದಿಯೊಬ್ಬರು ಬಂದು ಸೈನಿಕರ ಜೊತೆ ಮಾತಾಡಿ ತಮಗೆ ಇಷ್ಟವಾದ ಹಾಡು ಹಾಕಿಸುತ್ತಾರೆ. ಹತ್ತು ಗಂಟೆಗೆ ಛಾಯಾಗೀತ್. ಇದು ಹಾಡಿನ ಕಾರ್ಯಕ್ರಮ ನಿಜ, ಆದರೆ ಉದ್ಘೋಷಕರು ಒಂದು ವಸ್ತು ಹಿಡಿದುಕೊಂಡು, ಮಳೆ ಅಂತಲೋ ಕಾಯುವುದು ಅಂತಲೋ, ನಡುನಡುವೆ ನಾಲ್ಕು ಸಾಲು ಹೇಳಿ ಹಾಡಿನಿಂದ ಹಾಡಿಗೆ ದಾಟಿಸುತ್ತಾರೆ. ಬೇರೆ ಯಾವ ಹೊತ್ತಿನಲ್ಲಿ ಕೇಳಿದರೂ ಸಾಧಾರಣ ಅನ್ನಿಸುವ ಹಾಡು ಅಲ್ಲಿ ಬೇರೆಯೇ ಆಗಿ ಕೇಳುತ್ತದೆ. ದೀಪ ಆರಿಸಿ ಕೇಳಿ ನೋಡಿ.

ಹೀಗೆ ಹಾಡು, ನಾಟಕ ಎಲ್ಲ ಕಲೆಸಿದ ವಿವಿಧ ಭಾರತಿ ಹುಟ್ಟಿದ ಕಥೆಯೂ ಚೆನ್ನಾಗಿದೆ. 1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಮೇಲೆ ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಜಾಗವೇ ಇಲ್ಲದ ಹಾಗಾಯಿತು. ಶಾಸ್ತ್ರೀಯ ಸಂಗೀತ ಬೆಳೆಯಬೇಕು ಅನ್ನುವುದು ಅವರ ಆಸೆ. ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಶುರುವಾದದ್ದೂ ಅದೇ ವರ್ಷ, ಎಂಥೆಂಥ ಗಾಯಕರು ಅದರಿಂದ ಮನೆಮನೆಗೆ ಬಂದರು ಅಲ್ವಾ. ಆದರೆ ಸಿನಿಮಾ ಹಾಡು ಬೇಕಾದವರೆಲ್ಲ ಶ್ರೀಲಂಕಾದ ರೇಡಿಯೊ ಸಿಲೋನ್ ಕಡೆ ತಿರುಗಿದರು, ಅಮೀನ್ ಸಯಾನಿ ಅವರ ಬಿನಾಕಾ ಗೀತ್‌ಮಾಲಾ ಕೇಳಲು ಊರೂರೇ ಕೂತಿತು. ಅದಕ್ಕೆ ಉತ್ತರವಾಗಿ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಬಂತು. ಅದನ್ನು ರೂಪಿಸಿದವರು ಹಿಂದಿ ಕವಿ ನರೇಂದ್ರ ಶರ್ಮಾ. ಪಂಚರಂಗಿ ಕಾರ್ಯಕ್ರಮ ಅಂತ ಕರೆದರು, ಹಾಡಿನ ಜೊತೆ ನಾಟಕ, ಹಾಸ್ಯ, ಮಾತುಕತೆ ಎಲ್ಲ ಸೇರಿಸಿದರು. ಜನ ಹಾಡಿಗೆ ಅಂತ ಬಂದರು, ನಾಟಕವನ್ನೂ ಕೇಳಿ ಹೋದರು. ನಮ್ಮ ಮನೆಯಲ್ಲಿ ಆದದ್ದೂ ಅದೇ. ಅಪ್ಪ ಹಾಡಿಗೆ ಹಚ್ಚುತ್ತಿದ್ದರು, ಅಮ್ಮ ಮತ್ತು ನಾನು ನಾಟಕಕ್ಕೆ ಸಿಕ್ಕಿಕೊಂಡೆವು. (ಆಕಾಶವಾಣಿ ಅನ್ನುವ ಹೆಸರು ನಮ್ಮ ಮೈಸೂರಿನದು ಅನ್ನುವುದನ್ನು ಹೇಳದೆ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅಲ್ಲಿ ತಾವೇ ನಡೆಸಿದ ಬಾನುಲಿ ಕೇಂದ್ರಕ್ಕೆ ಇದ್ದ ಹೆಸರು ಅದು.)

ಕನ್ನಡದಲ್ಲೇ ನಾಟಕ ಬೇಕು ಅನ್ನುವವರಿಗೆ ಕನ್ನಡ ಕೇಂದ್ರಗಳೇ ಇದ್ದವು. ಅದರಲ್ಲೂ ರಾಷ್ಟ್ರೀಯ ನಾಟಕ ಕಾರ್ಯಕ್ರಮ ಅಂತ ತಿಂಗಳಿಗೊಮ್ಮೆ ರಾತ್ರಿ ಬರುತ್ತಿತ್ತು. ಯಾವುದೋ ಒಂದು ಭಾಷೆಯ ಒಳ್ಳೆಯ ನಾಟಕ, ಅದರ ಅನುವಾದ ದೇಶದ ಬೇರೆ ಬೇರೆ ಭಾಷೆಗಳಲ್ಲಿ ಒಂದೇ ರಾತ್ರಿ. ನಾವು ಕನ್ನಡದಲ್ಲಿ ಕೇಳುತ್ತಿರುವ ಹೊತ್ತಿಗೆ ಬಂಗಾಳದಲ್ಲಿ, ಮಲಯಾಳದ ಕಡೆ ಅದೇ ಜಗಳ, ಅದೇ ಅಳು ಅವರ ಭಾಷೆಯಲ್ಲಿ ನಡೆಯುತ್ತಿದೆ ಅನ್ನುವುದು ನನಗೆ ಚಿಕ್ಕಂದಿನಲ್ಲಿ ಮೈ ಜುಮ್ಮೆನ್ನುವ ಸಂಗತಿ. ಈಗಲೂ ಹಾಗೇ ಅನ್ನಿಸುತ್ತದೆ. ಮರಾಠಿ, ಬಂಗಾಳಿ ನಾಟಕ ಅಂತ ನನಗೆ ಮೊದಲು ಪರಿಚಯ ಆದದ್ದು ಹೀಗೇ.

ಈಗ ಕೇಳುವುದು ಹೇಗೆ ಅನ್ನುವ ವಿಷಯ. ಬೆಂಗಳೂರಿಗೆ ಬಂದ ಮೇಲೆ 102.9 ಎಫ್‌ಎಂ ಸಿಕ್ಕಿತು. ದನಿ ಗಾಜಿನಷ್ಟು ಸ್ವಚ್ಛ. ಅಲ್ಲಿ ಕನ್ನಡ ಕಾರ್ಯಕ್ರಮಗಳು ಸೇರಿಕೊಂಡಿರುತ್ತವೆ, ಅದು ಬೇರೆಯೇ ಸುಖ. ಮುಂಬೈಯಿಂದ ಬರುವ ರಾಷ್ಟ್ರೀಯ ಸರಣಿಯೇ ಪೂರ್ತಿ ಬೇಕು ಅಂದರೆ ನ್ಯೂಸ್‌ಆನ್‌ಏರ್ ಆ್ಯಪ್ ಹಾಕಿಕೊಳ್ಳಿ, ಅದರಲ್ಲಿ ವಿವಿಧ ಭಾರತಿಯ ಜೊತೆಗೆ ಊರೂರಿನ ಕೇಂದ್ರಗಳೂ ಇವೆ, ದುಡ್ಡು ಕೊಡಬೇಕಿಲ್ಲ. 2016ರಲ್ಲಿ ಬಂದ ರಾಗಂ ಅನ್ನುವ ಶಾಸ್ತ್ರೀಯ ಸಂಗೀತದ ವಾಹಿನಿಯೂ ಅಲ್ಲೇ ಸಿಗುತ್ತದೆ. ಡಾಟಾ ಖರ್ಚು ಬೇಡ ಅನ್ನುವವರು ಡಿಡಿ ಫ್ರೀ ಡಿಶ್‌ನಲ್ಲಿ ಟಿವಿಯಲ್ಲೇ ರೇಡಿಯೊ ಕೇಳಬಹುದು.

ಒಂದು ಎಚ್ಚರ ಮಾತ್ರ ಇರಲಿ. ಇಂಟರ್ನೆಟ್ಟಿನಲ್ಲಿ ಬರುವ ದನಿ ಸ್ವಲ್ಪ ತಡವಾಗಿ ಬರುತ್ತದೆ. ಅದು ಯಾರ ತಪ್ಪೂ ಅಲ್ಲ, ದನಿಯನ್ನು ತುಂಡು ತುಂಡಾಗಿ ಕೂಡಿಟ್ಟುಕೊಂಡು ನುಡಿಸುವುದೇ ಅದರ ಕ್ರಮ. ಕಳೆದ ವರ್ಷ ಊರಿಗೆ ಹೋದಾಗ ಅಣ್ಣ ಪಡಸಾಲೆಯಲ್ಲಿ ಡಿಶ್‌ನಲ್ಲಿ ಹವಾ ಮಹಲ್ ಹಾಕಿದ್ದ, ನಾನು ಅಡುಗೆಮನೆಯಲ್ಲಿ ಮೊಬೈಲ್ ಹಿಡಿದು ಅದನ್ನೇ ಕೇಳುತ್ತಿದ್ದೆ. ಪಡಸಾಲೆಯಲ್ಲಿ ಗುಟ್ಟು ಬಯಲಾಯಿತು, ಅಲ್ಲಿಯವರೆಲ್ಲ "ಅಯ್ಯೋ" ಅಂದರು, ನನ್ನ ಮೊಬೈಲಿನಲ್ಲಿ ಆ ಪಾತ್ರ ಇನ್ನೂ ಮೆಟ್ಟಿಲು ಹತ್ತುತ್ತಿತ್ತು. ಒಂದು ಮನೆಯಲ್ಲಿ ಒಂದೇ ದನಿ ಹಾಕಿ.

ಮೀಡಿಯಂ ವೇವ್‌ನಲ್ಲಿ ಊರಿನ ಕೇಂದ್ರ ಕೇಳುವವರಿಗೆ ಇನ್ನೊಂದು ಮಾತು. ಕೊರಕೊರ ಸದ್ದು ಬಂದರೆ ರೇಡಿಯೊ ಕೆಟ್ಟಿದೆ ಅಂದುಕೊಳ್ಳಬೇಡಿ. ನನ್ನ ಸೆಟ್ಟನ್ನು ಒಬ್ಬ ರಿಪೇರಿಯವರು ಎರಡು ಸಲ ಬಿಚ್ಚಿ, ಎರಡು ಸಲ ದುಡ್ಡು ತಗೊಂಡು, ಹಾಗೇ ವಾಪಸ್ ಕೊಟ್ಟರು. ಕೊನೆಗೆ ನೋಡಿದರೆ ತೊಂದರೆ ಇದ್ದದ್ದು ತಲೆ ಮೇಲಿನ ಎಲ್‌ಇಡಿ ಬಲ್ಬಿನಲ್ಲಿ. ಬಲ್ಬ್ ಆರಿಸಿದ ಕೂಡಲೇ ಸದ್ದು ಮಾಯ. ಮೊಬೈಲ್ ಚಾರ್ಜರ್ ಕೂಡ ಹೀಗೇ ಮಾಡುತ್ತದೆ. ಸೆಟ್ಟನ್ನು ನಿಧಾನವಾಗಿ ತಿರುಗಿಸಿ ನೋಡಿ. ಒಳಗಿನ ಆಂಟೆನಾ ಒಂದು ಉದ್ದನೆಯ ಕಡ್ಡಿ, ಅದಕ್ಕೆ ದಿಕ್ಕು ಮುಖ್ಯ. ನಮ್ಮ ಮನೆಯಲ್ಲಿ ರೇಡಿಯೊ ಗೋಡೆಗೆ ಓರೆಯಾಗಿ ಕೂರುತ್ತದೆ, ಬಂದವರು ನೇರ ಮಾಡಿದರೆ ನಾನು ಮತ್ತೆ ಓರೆ ಮಾಡುತ್ತೇನೆ.

ಯಾರಿಗೆ ಹೇಳಿ ಮಾಡಿಸಿದ್ದು ಅಂತ ಕೇಳಿದರೆ, ಕಣ್ಣಿಗೆ ಬಿಡುವು ಬೇಕಾದವರಿಗೆ, ಹಿಂದಿ ಕಲಿಯುತ್ತಿರುವ ಮಕ್ಕಳಿಗೆ, ವಯಸ್ಸಾದ ಅಪ್ಪ ಅಮ್ಮ ಇರುವ ಮನೆಗೆ. ನನ್ನ ಹಿಂದಿ ಪೂರ್ತಿ ಹವಾ ಮಹಲ್ ಕೊಟ್ಟದ್ದೇ. ವ್ಯಾಕರಣ ಶಾಲೆಯಿಂದ ಬಂತು, ಮಾತಿನ ಏರಿಳಿತ ಬಂದದ್ದು ರೇಡಿಯೊದಿಂದ. ಮೂರು ನಾಲ್ಕು ದಿನ ಅರ್ಥ ಆಗದಿದ್ದರೂ ಬಿಡಬೇಡಿ, ದನಿಗಳ ಗುರುತು ಹತ್ತಲು ಅಷ್ಟು ದಿನ ಬೇಕೇ ಬೇಕು.

ಕೆಲಸ ಮಾಡುತ್ತಾ ಸುಮ್ನೆ ಹಿನ್ನೆಲೆಯಲ್ಲಿ ಹಾಕಿಡುವುದಾದರೆ ಜಯಮಾಲಾ ಸಾಕು, ಪಾತ್ರೆ ತೊಳೆಯುತ್ತಲೂ ಕೇಳಬಹುದು. ಆದರೆ ಎಂಟರಿಂದ ಎಂಟೂಕಾಲಿನವರೆಗೆ ಒಲೆ ಮೇಲೆ ಕುಕ್ಕರ್ ಮಾತ್ರ ಇಡಬೇಡಿ. ಒಂದು ವಿಸಲ್‌ನಲ್ಲಿ ಒಂದು ಸಾಲು ಹೋಗುತ್ತದೆ, ಆಮೇಲೆ ಬಾಗಿಲು ತೆರೆದವರು ಯಾರು ಅಂತ ಮನೆಯವರನ್ನೆಲ್ಲ ಕೇಳುತ್ತಾ ಕೂರಬೇಕಾಗುತ್ತದೆ.